ಕಡಲು ಮೊದಲು ಹೇಗಿತ್ತು? ಹಡಗು ಮುಳುಗಿದ ಮೇಲೆ ಕೇಳಿದರೆ ತಡವಾಯಿತು

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೇರಳದ ಕರಾವಳಿಯಾಚೆ ಮುಳುಗಿತು. ವಿಳಿಂಜಂ ಬಂದರಿನಿಂದ ಕೊಚ್ಚಿಗೆ ಹೊರಟಿದ್ದ ಹಡಗದು. ಅದರಲ್ಲಿದ್ದ 24 ಮಂದಿಯೂ ಬದುಕಿಕೊಂಡರು. ಆದರೆ 640ರಷ್ಟು ಕಂಟೇನರ್, ಟ್ಯಾಂಕಿನಲ್ಲಿದ್ದ 84 ಟನ್ ಡೀಸೆಲ್, 367 ಟನ್ ಫರ್ನೇಸ್ ಆಯಿಲ್ ಹಡಗಿನ ಜೊತೆ ನೀರಿಗಿಳಿದವು. 13 ಕಂಟೇನರ್‌ಗಳಲ್ಲಿ ಅಪಾಯಕಾರಿ ಸರಕಿದೆ ಎಂದು ಕೋಸ್ಟ್ ಗಾರ್ಡ್ ಹೇಳಿತು. ಕೆಲವೇ ದಿನಗಳಲ್ಲಿ ತಿರುವನಂತಪುರದ ಕಡಲತೀರಕ್ಕೆ ಬಿಳಿ ಪ್ಲಾಸ್ಟಿಕ್ ಕಾಳುಗಳು ರಾಶಿ ರಾಶಿಯಾಗಿ ಬಂದು ಬಿದ್ದವು. ಇದರ ಸುದ್ದಿ ಇನ್ನೂ ಹಸಿಯಾಗಿರುವಾಗಲೇ, ಜೂನ್ 9ರಂದು, ಕಣ್ಣೂರಿನಾಚೆ ವಾನ್ ಹೈ 503 ಎಂಬ ಇನ್ನೊಂದು ಹಡಗಿಗೆ ಬೆಂಕಿ ಬಿತ್ತು.

ಆಮೇಲೆ ಶುರುವಾದದ್ದು ಗೊಂದಲ. ಕಡಲು ಕೆಟ್ಟಿದೆಯಾ? ಮೀನು ತಿನ್ನಬಹುದಾ? ಮುಳುಗಿದ ಜಾಗದ ಸುತ್ತ 20 ನಾಟಿಕಲ್ ಮೈಲಿಯೊಳಗೆ ಮೀನು ಹಿಡಿಯಬೇಡಿ ಎಂದ ಸರ್ಕಾರವೇ ಮೀನು ತಿನ್ನಲು ಅಡ್ಡಿಯಿಲ್ಲ ಎಂದೂ ಹೇಳಬೇಕಾಯಿತು. ಮೀನುಗಾರರು ಬಲೆ ಹಾಳಾಯಿತು, ವ್ಯಾಪಾರ ನಿಂತಿತು ಎಂದರು. ಕೊನೆಗೆ ವಿಷಯ ಕೇರಳ ಹೈಕೋರ್ಟಿಗೆ ಹೋಯಿತು. ನೀರಿನಡಿಯಲ್ಲೇ ಕೂತು ಕಡಲನ್ನು ಅಳೆಯುವ ಸೆನ್ಸರ್ ಜಾಲ ಬೇಕೇ ಎಂಬ ಚರ್ಚೆಗೆ ಇದೇ ಹಿನ್ನೆಲೆ.

ಎರಡು ಮಾತೂ ಒಟ್ಟಿಗೆ ನಿಜವಾಗಬಹುದು

ಕೇರಳ ಸರ್ಕಾರ 2025ರ ಜುಲೈಯಲ್ಲಿ ಕೇಳಿದ ಪರಿಹಾರ 9,531 ಕೋಟಿ ರೂಪಾಯಿ. ಇದರಲ್ಲಿ ಮೀನುಗಾರರ ನಷ್ಟಕ್ಕೆ ಎಂದು ಕೇಳಿದ್ದು 526 ಕೋಟಿ. ಪರಿಸರಕ್ಕೆ ಆದ ಹಾನಿಗೆ ಕೇಳಿದ್ದೇ 8,626 ಕೋಟಿ. ಅಂದರೆ ಮೊತ್ತದ ಹತ್ತರಲ್ಲಿ ಒಂಬತ್ತು ಪಾಲು ನೀರು, ಮಣ್ಣು, ಮೀನುಮರಿ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕಗಳಿಗೆ ಆಯಿತೆನ್ನುವ ನಷ್ಟ. ಹಡಗಿನ ಕಡೆಯವರು ಈ ಲೆಕ್ಕ ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ 1,227 ಕೋಟಿ ರೂಪಾಯಿಯಷ್ಟು ಭದ್ರತೆ ಇಡಬೇಕೆಂದು ಹೇಳಿತು. ಇದು ತೀರ್ಪಿನ ಮೊತ್ತವಲ್ಲ, ತೀರ್ಪು ಬರುವವರೆಗಿನ ಠೇವಣಿ.

ಎರಡು ಮೊತ್ತಗಳ ನಡುವಿನ ಅಂತರಕ್ಕೆ ಕಾನೂನಿನ ಕಾರಣಗಳು ಬೇಕಾದಷ್ಟಿರುತ್ತವೆ. ಅವನ್ನು ವಕೀಲರಿಗೆ ಬಿಡೋಣ. ಆದರೆ ಇಂಥ ಯಾವ ಮೊಕದ್ದಮೆಯಲ್ಲೂ ಒಂದು ಪ್ರಶ್ನೆ ತಪ್ಪುವುದಿಲ್ಲ. ಹಡಗು ಮುಳುಗುವ ಮೊದಲು ಇಲ್ಲಿ ನೀರು ಹೇಗಿತ್ತು? ಈಗ ಲೀಟರಿಗೆ ಇಷ್ಟು ಎಣ್ಣೆಯ ಅಂಶ ಸಿಕ್ಕಿದೆ ಎಂದರೆ ಸಾಲದು. ಮೊದಲು ಎಷ್ಟಿತ್ತು ಎಂದು ಎದುರು ಪಕ್ಷ ಕೇಳಿಯೇ ಕೇಳುತ್ತದೆ. ಕೊಚ್ಚಿ ದೊಡ್ಡ ಬಂದರು. ಅಲ್ಲಿ ಹಡಗು, ಬೋಟು, ರಿಫೈನರಿ ಎಲ್ಲ ಇವೆ. ನೀರಿನಲ್ಲಿ ಎಣ್ಣೆಯ ಅಂಶ ಮೊದಲೇ ಇತ್ತು ಎಂದು ವಾದಿಸುವುದು ಕಷ್ಟವಲ್ಲ.

ಡಾಕ್ಟರ ಹತ್ತಿರ ಹೋದಾಗ ಅವರು ಹಳೇ ರಿಪೋರ್ಟ್ ಕೇಳುತ್ತಾರಲ್ವಾ, ಹಾಗೆಯೇ ಇದು. ಇವತ್ತಿನ ರಿಪೋರ್ಟ್ ಒಂದೇ ಇದ್ದರೆ ಕಾಯಿಲೆ ಹೊಸದೋ ಹಳೆಯದೋ ಗೊತ್ತಾಗುವುದಿಲ್ಲ. ನಮ್ಮ ಕರಾವಳಿಯ ಹೆಚ್ಚಿನ ಕಡೆ ಕಡಲಿನ ಹಳೇ ರಿಪೋರ್ಟ್ ಇದ್ದರೂ ತುಂಬ ತೆಳ್ಳಗಿದೆ. ಆದ್ದರಿಂದ 'ಏನೂ ಆಗಿಲ್ಲ' ಎನ್ನುವವರೂ 'ಎಲ್ಲ ಹಾಳಾಯಿತು' ಎನ್ನುವವರೂ ತಮ್ಮ ತಮ್ಮ ಮಟ್ಟಿಗೆ ನಿಜವನ್ನೇ ಹೇಳುತ್ತಿರಬಹುದು. ಯಾರ ಮಾತನ್ನೂ ಅಳೆದು ನೋಡಲು ಕೋಲಿಲ್ಲ, ಅಷ್ಟೇ.

ಈಗ ಇರುವ ಕಣ್ಣುಗಳು

ಹಾಗಂತ ನಮ್ಮಲ್ಲಿ ಏನೂ ಇಲ್ಲ ಎಂದಲ್ಲ. ಕರಾವಳಿಯ ನೀರಿನ ಮಾದರಿ ತೆಗೆದು ಪರೀಕ್ಷಿಸುವ ಕೇಂದ್ರದ ಯೋಜನೆ 1990ರ ದಶಕದ ಆರಂಭದಿಂದ ನಡೆದಿದೆ. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಎನ್‌ಐಒ, ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ಮುಂತಾದವು ತಮ್ಮದೇ ಸಮೀಕ್ಷೆ ಮಾಡುತ್ತವೆ. ಆಳ ಸಮುದ್ರದಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಎನ್‌ಐಒಟಿ ಲಂಗರು ಹಾಕಿ ತೇಲಿಬಿಟ್ಟ, ಅಳತೆಯ ಉಪಕರಣ ಹೊತ್ತ ಬೋಯ್‌ಗಳಿವೆ. ಪ್ರಪಂಚದ ಕಡಲುಗಳಲ್ಲಿ ಆರ್ಗೋ ಎಂಬ ಸುಮಾರು 4,000 ತೇಲುವ ಅಳತೆ ಯಂತ್ರಗಳು 2,000 ಮೀಟರ್ ಆಳಕ್ಕೆ ಇಳಿದು, ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸುತ್ತವೆ. ಆದರೆ ಅವು ಆಳ ಸಮುದ್ರಕ್ಕೆಂದೇ ಮಾಡಿದವು. 30-40 ಮೀಟರ್ ಆಳದ ಕರಾವಳಿಗೆ ಬಂದರೆ ತಳಕ್ಕೆ ತಾಗಿ ಸಿಕ್ಕಿಬೀಳಬಹುದು.

ಹಡಗು, ಬೋಟಿನಲ್ಲಿ ಹೋಗಿ ಮಾದರಿ ತರುವುದು ಒಳ್ಳೆಯದೇ. ಆದರೆ ಅದು ಆ ದಿನದ, ಆ ಗಳಿಗೆಯ ಲೆಕ್ಕ. ವರ್ಷಕ್ಕೆ ನಾಲ್ಕು ಸಲ ಹೋದರೆ ನಾಲ್ಕು ಚುಕ್ಕೆ ಸಿಗುತ್ತವೆ. ನಡುವೆ ಏನಾಯಿತು ಎಂಬುದು ಊಹೆ.

ಇನ್ನು ಉಪಗ್ರಹ. ಅದು ಎಣ್ಣೆಯ ಪದರವನ್ನೂ ನೀರಿನ ಬಣ್ಣವನ್ನೂ ಮೇಲಿಂದ ನೋಡುತ್ತದೆ. ಬಣ್ಣ ನೋಡುವ ಉಪಗ್ರಹಕ್ಕೆ ಮೋಡ ಅಡ್ಡ ಬಂದರೆ ಮುಗಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯ ಮೇಲೆ ಮೋಡ ಇಲ್ಲದ ದಿನ ಎಷ್ಟು ಸಿಕ್ಕೀತು? ರಾಡಾರ್ ಇರುವ ಉಪಗ್ರಹ ಮೋಡದೊಳಗಿಂದಲೂ ನೋಡಬಲ್ಲದು. ಆದರೂ ಕಾಣುವುದು ಮೇಲ್ಮೈ ಮಾತ್ರ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ತೈಲ ಬಾವಿ ದುರಂತದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಮೇಲೆ ಹರಡಿದ ಎಣ್ಣೆಯನ್ನು ಜಗತ್ತೇ ಟಿವಿಯಲ್ಲಿ ನೋಡಿತು. ಆದರೆ ಸುಮಾರು 1,100 ಮೀಟರ್ ಆಳದಲ್ಲಿ, 35 ಕಿ.ಮೀ.ಗೂ ಉದ್ದಕ್ಕೆ ಎಣ್ಣೆಯಂಶದ ಇನ್ನೊಂದು ಹೊಳೆಯೇ ಹರಿಯುತ್ತಿತ್ತು. ಅದನ್ನು ಅಳೆದು ನಕಾಶೆ ಬರೆದದ್ದು ನೀರೊಳಗೆ ತಾನೇ ಓಡಾಡುವ ಸೆಂಟ್ರಿ ಎಂಬ ರೋಬಾಟ್.

ಮಳೆಗಾಲದಲ್ಲಿ ತಳದಲ್ಲಿ ಆಗುವುದೇನು

ಈ ಚರ್ಚೆಯಲ್ಲಿ ಜನ ಹೆಚ್ಚು ಗಮನಿಸದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಹಡಗು ಮುಳುಗದಿದ್ದರೂ ನಮ್ಮ ಪಶ್ಚಿಮ ಕರಾವಳಿಯ ಕಡಲು ಪ್ರತಿವರ್ಷ ಒಂದು ದೊಡ್ಡ ಏರುಪೇರು ಕಾಣುತ್ತದೆ.

ಮಳೆಗಾಲದಲ್ಲಿ ಗಾಳಿಯೂ ಪ್ರವಾಹವೂ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ಸರಿಸುತ್ತವೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ತಳದಗುಂಟ ಮೇಲೇರಿ ಬರುತ್ತದೆ. ಈ ನೀರಿನಲ್ಲಿ ಪೋಷಕಾಂಶ ಜಾಸ್ತಿ, ಆಮ್ಲಜನಕ ಕಮ್ಮಿ. ಪೋಷಕಾಂಶ ಸಿಕ್ಕಿದ್ದೇ ತಡ, ಪ್ಲವಕಗಳು ಮಿತಿಮೀರಿ ಬೆಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ, ಬಂಗುಡೆ ಬರುತ್ತವೆ. ನಮ್ಮ ಮೀನಿನ ಸಮೃದ್ಧಿಯ ಗುಟ್ಟೇ ಇದು. ಆದರೆ ತಿಂದು ಉಳಿದ ಪ್ಲವಕ ಸತ್ತು ತಳಕ್ಕೆ ಬಿದ್ದು ಕೊಳೆಯುತ್ತದೆ. ಕೊಳೆಯುವಾಗ ಅಲ್ಲಿದ್ದ ಅಷ್ಟಿಷ್ಟು ಆಮ್ಲಜನಕವೂ ಖರ್ಚಾಗುತ್ತದೆ. ಮೇಲೆ ಮಳೆ ನೀರು, ಹೊಳೆ ನೀರು ಹಗುರವಾದ ಪದರವಾಗಿ ನಿಂತಿರುವುದರಿಂದ ಗಾಳಿಯ ಆಮ್ಲಜನಕ ಕೆಳಗಿಳಿಯುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕೆಲವು ಕಡೆ ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಇದು ನಮಗೆ ಗೊತ್ತಾಗಿರುವುದು ಎನ್‌ಐಒ ವಿಜ್ಞಾನಿಗಳು ಗೋವಾದ ಕಾಂಡೋಲಿಂ ಆಚೆ, 25 ಮೀಟರ್ ಆಸುಪಾಸಿನ ಆಳದ ಒಂದೇ ಜಾಗಕ್ಕೆ 1997ರಿಂದ ಮತ್ತೆ ಮತ್ತೆ ಹೋಗಿ ನೀರು ತಂದು ನೋಡಿದ್ದರಿಂದ. ಎಸ್.ಡಬ್ಲ್ಯು.ಎ. ನಕ್ವಿ ಅವರ ತಂಡ 2000ದಲ್ಲಿ ಇದನ್ನು ಲೋಕದ ಗಮನಕ್ಕೆ ತಂದಿತು.

ಈಗ ಹಡಗಿನ ಲೆಕ್ಕಕ್ಕೆ ಬನ್ನಿ. ಮೇ ಕೊನೆಯಲ್ಲಿ ಹಡಗು ಮುಳುಗಿದೆ. ಸೆಪ್ಟೆಂಬರ್‌ನಲ್ಲಿ ಎಲ್ಲೋ ಸತ್ತ ಮೀನು ದಡಕ್ಕೆ ಬಂದರೆ ಕಾರಣ ಎಣ್ಣೆಯೋ, ಆಮ್ಲಜನಕ ಮುಗಿದ ನೀರೋ? ಎರಡೂ ಇರಬಹುದು. ತಳದ ಆಮ್ಲಜನಕ ಯಾವ ದಿನ, ಯಾವ ಆಳದಲ್ಲಿ, ಎಷ್ಟಕ್ಕೆ ಇಳಿಯಿತು ಎಂಬ ದಿನದಿನದ ಲೆಕ್ಕ ಇದ್ದರೆ ಮಾತ್ರ ಬಿಡಿಸಿ ಹೇಳಬಹುದು. ಆ ಲೆಕ್ಕ ತರಲು ಜೂನ್, ಜುಲೈ ತಿಂಗಳಲ್ಲಿ ಸಣ್ಣ ಬೋಟಿನಲ್ಲಿ ಹೋಗುವಂತಿಲ್ಲ. ಕಡಲು ಬಿಡುವುದಿಲ್ಲ. ಕಡಲು ಅತಿ ಹೆಚ್ಚು ಬದಲಾಗುವ ಹೊತ್ತಿನಲ್ಲೇ ನಮ್ಮ ನೋಟ್‌ಬುಕ್ ಖಾಲಿ. ನೀರಿನಡಿಯಲ್ಲೇ ಕೂತು ಅಳೆಯುವ ಸೆನ್ಸರ್ ಜಾಲ ಬೇಕು ಎನ್ನುವವರ ವಾದದ ಬುಡ ಇರುವುದು ಇಲ್ಲಿ.

ಒಂದು ಬೋಯ್ ಇದ್ದರೆ ಸಾಲದೇ?

ಹೈದರಾಬಾದ್‌ನ ಇನ್‌ಕಾಯಿಸ್ (ಕಡಲಿನ ಮಾಹಿತಿ ಸೇವೆಯ ರಾಷ್ಟ್ರೀಯ ಕೇಂದ್ರ) ಸಂಸ್ಥೆ ಈಗಾಗಲೇ ಕೊಚ್ಚಿ ಮತ್ತು ವಿಶಾಖಪಟ್ಟಣದ ಆಚೆ ನೀರಿನ ಗುಣಮಟ್ಟ ಅಳೆಯುವ ಬೋಯ್‌ಗಳನ್ನು ಇಟ್ಟಿದೆ. ಉಷ್ಣತೆ, ಉಪ್ಪು, ಆಮ್ಲಜನಕ, ಪಿಎಚ್, ಪ್ಲವಕದ ಹಸಿರು, ನೀರಿನ ಬಗ್ಗಡ, ಎಣ್ಣೆಯಂಶ ಎಲ್ಲವನ್ನೂ ಅಳೆಯುವ ಉಪಕರಣಗಳು ಅದರಲ್ಲಿವೆ. ಹಾಗಾದರೆ ಗೊಂದಲ ಯಾಕೆ?

ನಕಾಶೆ ನೋಡಿದರೆ ಅರ್ಥವಾಗುತ್ತದೆ. ಎಲ್ಸಾ ಮುಳುಗಿದ್ದು ಆಲಪ್ಪುಳದ ತೋಟಪ್ಪಳ್ಳಿಯಿಂದ ಹದಿನೈದು ನಾಟಿಕಲ್ ಮೈಲಿಯಷ್ಟು ಆಚೆ, ಸುಮಾರು 50 ಮೀಟರ್ ಆಳದಲ್ಲಿ. ಕೊಚ್ಚಿ ಅದರ ಉತ್ತರಕ್ಕಿದೆ. ಬೇಸಿಗೆಯ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಪ್ರವಾಹ ಹರಿಯುವುದು ದಕ್ಷಿಣಕ್ಕೆ. ಹಾಗಾಗಿಯೇ ಕಂಟೇನರ್‌ಗಳು ಕೊಲ್ಲಂ ಕಡೆಗೆ, ಪ್ಲಾಸ್ಟಿಕ್ ಕಾಳು ತಿರುವನಂತಪುರಕ್ಕೆ ಹೋದವು. ಹಡಗಿನಿಂದ ಹೊರಟ ನೀರು ಕೊಚ್ಚಿಯ ಬೋಯ್ ಕಡೆ ಬರುವ ಬದಲು ಅದರಿಂದ ದೂರವೇ ಹೋಗುತ್ತದೆ. ಒಂದು ಜಾಗದ ಉಪಕರಣ ಆ ಜಾಗದ ಮಾತನ್ನು ಮಾತ್ರ ಹೇಳುತ್ತದೆ. ಆದ್ದರಿಂದಲೇ ವಿಜ್ಞಾನಿಗಳು 'ಜಾಲ' ಎನ್ನುವುದು. ದಡದಗುಂಟ ಹಲವು ಜಾಗ, ಪ್ರತಿ ಜಾಗದಲ್ಲೂ ಮೇಲೆ, ನಡುವೆ, ತಳದಲ್ಲಿ ಒಂದೊಂದು ಸೆನ್ಸರ್. ಅವೆಲ್ಲ ಒಂದೇ ಗಡಿಯಾರಕ್ಕೆ ನಡೆದು ಒಂದೇ ಕಡೆ ಲೆಕ್ಕ ಒಪ್ಪಿಸಬೇಕು.

ನೀರೊಳಗೆ ಮೊಬೈಲ್ ಸಿಗ್ನಲ್ ಇಲ್ಲ

ಇಲ್ಲಿ ಎಂಜಿನಿಯರುಗಳ ತಲೆನೋವು ಶುರುವಾಗುತ್ತದೆ. ಬೆಂಗಳೂರಿನ ಬೀದಿ ದೀಪಗಳಿಗೆ ಸೆನ್ಸರ್ ಹಾಕಿ ಸಿಮ್ ಕಾರ್ಡಿನಲ್ಲಿ ಜೋಡಿಸುವಷ್ಟು ಸುಲಭವಲ್ಲ ಇದು. ಉಪ್ಪು ನೀರು ರೇಡಿಯೊ ಅಲೆಗಳನ್ನು ನುಂಗಿಬಿಡುತ್ತದೆ. ವೈಫೈಯಂಥ ಸಿಗ್ನಲ್ ಕೆಲವು ಸೆಂಟಿಮೀಟರ್ ಹೋಗುವಷ್ಟರಲ್ಲೇ ಸಾಯುತ್ತದೆ. ಬೆಳಕು ಸ್ವಲ್ಪ ದೂರ ಹೋಗುತ್ತದೆ, ಆದರೆ ನಮ್ಮ ಕರಾವಳಿಯ ಕೆಂಪು ಬಗ್ಗಡದಲ್ಲಿ ಅದೂ ನಡೆಯುವುದಿಲ್ಲ. ಉಳಿದದ್ದು ಶಬ್ದ. ಸೆನ್ಸರುಗಳು ಒಂದಕ್ಕೊಂದು ಸದ್ದಿನಲ್ಲೇ ಮಾತಾಡಬೇಕು. ಹಾಗೆ ಸದ್ದಿನಲ್ಲಿ ಮಾಹಿತಿ ಕಳಿಸುವ, ಕೇಳುವ ಪೆಟ್ಟಿಗೆಯೇ ಮೋಡೆಮ್.

ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಕೇಳಲು ಚೆನ್ನಾಗಿದೆ, ಆದರೆ ರೇಡಿಯೊ ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಹೋಗುತ್ತದೆ. ಮೂರು ಕಿ.ಮೀ. ದೂರದ ಸೆನ್ಸರಿಗೆ 'ಇದ್ದೀಯಾ?' ಎಂದು ಕೇಳಿದರೆ ಪ್ರಶ್ನೆ ಮುಟ್ಟಲು ಎರಡು ಸೆಕೆಂಡ್, ಉತ್ತರ ಬರಲು ಇನ್ನೆರಡು. ಅಷ್ಟರಲ್ಲಿ ಮೂರನೆಯದೊಂದು ಸೆನ್ಸರ್ ಮಾತು ಶುರು ಮಾಡಿದರೆ ಎರಡೂ ಕಲಸಿಹೋಗುತ್ತವೆ. ಸಾಗಿಸಬಹುದಾದ ಮಾಹಿತಿಯೂ ಕಮ್ಮಿ. ಸೆಕೆಂಡಿಗೆ 5 ಕಿಲೋಬಿಟ್ ಸಿಕ್ಕಿತು ಎಂದುಕೊಳ್ಳಿ. ನೀವು ವಾಟ್ಸಾಪಿನಲ್ಲಿ ಕಳಿಸುವ 2 ಎಂಬಿಯ ಒಂದು ಫೋಟೊ ಹೋಗಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು.

ಕರಾವಳಿಯಲ್ಲಿ ಇದು ಇನ್ನೂ ಕಷ್ಟ. ಆಳ ಕಮ್ಮಿ ಇರುವುದರಿಂದ ಶಬ್ದ ಮೇಲ್ಮೈಗೂ ತಳಕ್ಕೂ ಬಡಿದು, ಒಂದೇ ಮಾತು ನಾಲ್ಕೈದು ದಾರಿಯಿಂದ ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಬೋಟಿನ ಎಂಜಿನ್ ಸದ್ದು ಇದ್ದೇ ಇದೆ. ಇದರ ಮೇಲೆ ಚಿಟಿಕೆ ಸೀಗಡಿಗಳು. ಬೆಚ್ಚಗಿನ ಕಡಲಿನ ಬಂಡೆಗಳಲ್ಲಿ ಇವು ಸಾವಿರಗಟ್ಟಲೆ ಇರುತ್ತವೆ. ಹಗಲೂ ರಾತ್ರಿ ಮುಂಗಾಲಿನ ಇಕ್ಕಳ ಬಡಿದು ಚಟಪಟ ಎನ್ನುತ್ತವೆ, ಅದೂ ಮೋಡೆಮ್‌ಗಳು ಮಾತಾಡುವ ಶ್ರುತಿಯಲ್ಲೇ. ಜೊತೆಗೆ ಬ್ಯಾಟರಿ. ನೀರೊಳಗೆ ಅಳೆಯಲು ಖರ್ಚಾಗುವ ವಿದ್ಯುತ್ ಅಲ್ಪ. ಕೂಗಿ ಹೇಳಲು ಖರ್ಚಾಗುವುದೇ ಜಾಸ್ತಿ. ಹಾಗಾಗಿ ಜಾಣ ಸೆನ್ಸರ್ ಸುಮ್ನೆ ಬಡಬಡಿಸುವುದಿಲ್ಲ. ಪೂರ್ತಿ ಲೆಕ್ಕವನ್ನು ಒಳಗೇ ಬರೆದಿಟ್ಟುಕೊಂಡು, ಗಂಟೆಗೊಮ್ಮೆ ಸಾರಾಂಶ ಕಳಿಸುತ್ತದೆ. ಆಮ್ಲಜನಕ ಒಮ್ಮೆಲೇ ಬಿದ್ದರೆ ಮಾತ್ರ ತಕ್ಷಣ ಕೂಗುತ್ತದೆ.

ಪ್ರತಿ ಕಂಪನಿಯ ಮೋಡೆಮ್ ತನ್ನದೇ ಭಾಷೆ ಮಾತಾಡುತ್ತಿತ್ತು ಎಂಬುದು ಇನ್ನೊಂದು ತೊಡಕು. 2017ರಲ್ಲಿ ನೇಟೊ ಕೂಟ ಜೇನಸ್ ಎಂಬ ಸಾಮಾನ್ಯ ಭಾಷೆಯನ್ನು ಪ್ರಮಾಣಿತ ಮಾಡಿತು. ಆದರೂ ಎಲ್ಲ ಉಪಕರಣಗಳೂ ಅದನ್ನೇ ಬಳಸುವ ಕಾಲ ಬಂದಿಲ್ಲ. ದುಡ್ಡಿರುವ ದೇಶಗಳು ಈ ರಗಳೆಯೇ ಬೇಡ ಎಂದು ಕೇಬಲ್ ಎಳೆದಿವೆ. ಕೆನಡಾದ ವೀನಸ್ ಜಾಲ 2006ರಿಂದ ಸಾನಿಚ್ ಕೊಲ್ಲಿಯ ತಳದಲ್ಲಿದೆ. ಅಲ್ಲಿಯೂ ತಳದ ನೀರಿನಲ್ಲಿ ಆಮ್ಲಜನಕ ಮುಗಿಯುತ್ತದೆ, ಹಾಗಾಗಿ ನಮಗೆ ಅದು ಹತ್ತಿರದ ಉದಾಹರಣೆ. ಕೇಬಲ್ಲಿನಲ್ಲಿ ಕರೆಂಟೂ ಹೋಗುತ್ತದೆ, ವಿಡಿಯೊ ಕೂಡ ಬರುತ್ತದೆ. ಆದರೆ ಟ್ರಾಲ್ ಬೋಟುಗಳ ಬಲೆ ತಳ ಗೋರುತ್ತಾ ಹೋಗುವ ನಮ್ಮ ಕಡೆ ಕೇಬಲ್ ಎಷ್ಟು ದಿನ ಉಳಿದೀತು?

ಬಾರ್ನಕಲ್ಲಿನ ಕಾಟ

ಜಾಲಗಳು ಸೋಲುವುದು ಹೆಚ್ಚಾಗಿ ಇಂಥ ದೊಡ್ಡ ತಂತ್ರಜ್ಞಾನದ ಪ್ರಶ್ನೆಗಳಲ್ಲಲ್ಲ. ಕೊಳೆ ತೊಳೆಯುವಲ್ಲಿ.

ಆಮ್ಲಜನಕದ ಸೆನ್ಸರಿನ ತುದಿಯಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಬಣ್ಣದ ಪೊರೆ ಇರುತ್ತದೆ. ಅದರ ಮೇಲೆ ನೀಲಿ ಬೆಳಕು ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ. ನೀರಿನಲ್ಲಿ ಆಮ್ಲಜನಕ ಹೆಚ್ಚಿದ್ದಷ್ಟೂ ಆ ಹೊಳಪು ಬೇಗ ಆರುತ್ತದೆ. ಎಷ್ಟು ಬೇಗ ಆರಿತು ಎಂಬುದೇ ಅಳತೆ. ಇಂಥ ಸೂಕ್ಷ್ಮ ಪೊರೆಯನ್ನು ನಮ್ಮ ಬೆಚ್ಚಗಿನ ನೀರಿಗೆ ಇಳಿಸಿದರೆ ಮೊದಲು ಲೋಳೆ ಹಿಡಿಯುತ್ತದೆ. ಆಮೇಲೆ ಪಾಚಿ. ಆಮೇಲೆ ದೋಣಿಯ ಅಡಿಗೆ ಕಚ್ಚಿಕೊಳ್ಳುವ ಗಟ್ಟಿ ಚಿಪ್ಪಿನ ಬಾರ್ನಕಲ್. ಕೆಲವೇ ವಾರಗಳಲ್ಲಿ ಸೆನ್ಸರ್ ಅಳೆಯುವುದು ಕಡಲಿನ ಆಮ್ಲಜನಕವನ್ನಲ್ಲ, ತನ್ನ ಮೈಮೇಲೆ ಬೆಳೆದ ಪಾಚಿ ಹಗಲು ಬಿಟ್ಟು ರಾತ್ರಿ ಎಳೆದುಕೊಳ್ಳುವ ಆಮ್ಲಜನಕವನ್ನು. ವೈಪರ್, ತಾಮ್ರದ ಮುಚ್ಚಳ, ನೇರಳಾತೀತ ದೀಪ ಎಲ್ಲ ಬಳಸುತ್ತಾರೆ. ಅವು ತೊಳೆಯುವ ದಿನವನ್ನು ಮುಂದೆ ಹಾಕುತ್ತವೆ, ತಪ್ಪಿಸುವುದಿಲ್ಲ.

ತೊಳೆಯಲು ಯಾರಾದರೂ ಹೋಗಬೇಕು. ಆದರೆ ಮಳೆಗಾಲದಲ್ಲಿ ಹೋಗುವಂತಿಲ್ಲ. ಮನುಷ್ಯ ಹೋಗಲಾಗದ ಹೊತ್ತಿಗೆಂದೇ ಸೆನ್ಸರ್ ಇಟ್ಟಿದ್ದು, ಆದರೆ ಮನುಷ್ಯ ಹೋಗದಿದ್ದರೆ ಅದರ ಮಾತನ್ನು ನಂಬುವಂತಿಲ್ಲ. ಇದಕ್ಕಿರುವ ಉಪಾಯ ಒಂದೇ. ಮೇ ಕೊನೆಯಲ್ಲಿ ಹೊಸದಾಗಿ ತೊಳೆದು ಹೊಂದಿಸಿದ ಸೆನ್ಸರುಗಳನ್ನು ಇಳಿಸುವುದು, ಒಂದೇ ಜಾಗದಲ್ಲಿ ಎರಡೆರಡು ಇಡುವುದು, ಎತ್ತಿದ ಮೇಲೆ ಲ್ಯಾಬಿನಲ್ಲಿ ಹೋಲಿಸಿ ರೀಡಿಂಗ್ ಎಷ್ಟು ಸರಿದಿದೆ ಎಂದು ತಿದ್ದುವುದು. ಇದಕ್ಕೆ ಬೋಟ್ ಬೇಕು, ಮುಳುಗುಗಾರರು ಬೇಕು, ಪ್ರತಿವರ್ಷ ದುಡ್ಡು ಬೇಕು. ನಮ್ಮಲ್ಲಿ ಯಂತ್ರ ಕೊಳ್ಳಲು ಒಮ್ಮೆ ಅನುದಾನ ಸಿಗುತ್ತದೆ, ಉದ್ಘಾಟನೆಯೂ ಆಗುತ್ತದೆ. ತೊಳೆಯಲು ಸಿಗುವುದು ಕಷ್ಟ.

ಎಣ್ಣೆಯೋ, ಹೊಳೆ ನೀರೋ?

ಸೆನ್ಸರ್ ಇದ್ದಿದ್ದರೆ ಎಲ್ಸಾ ಪ್ರಕರಣದಲ್ಲಿ ಎಲ್ಲವೂ ಗೊತ್ತಾಗುತ್ತಿತ್ತು ಎನ್ನುವುದು ಉತ್ಪ್ರೇಕ್ಷೆ. ಪ್ಲಾಸ್ಟಿಕ್ ಕಾಳನ್ನೇ ತೆಗೆದುಕೊಳ್ಳಿ. ಬೋಯ್‌ಗಳಲ್ಲಿರುವ ಮಾಮೂಲಿ ಸೆನ್ಸರುಗಳಲ್ಲಿ ಯಾವುದೂ ಅದನ್ನು ಎಣಿಸುವುದಿಲ್ಲ. ಅದಕ್ಕೆ ದಡದಲ್ಲಿ ಜರಡಿ ಹಿಡಿದು ನಿಲ್ಲುವ ಜನರೇ ಬೇಕು.

ಎಣ್ಣೆಯ ಸೆನ್ಸರಿನದು ಇನ್ನೊಂದು ಕತೆ. ಅದು ನೀರಿಗೆ ನೇರಳಾತೀತ ಬೆಳಕು ಬಿಡುತ್ತದೆ. ಎಣ್ಣೆಯ ಕೆಲವು ಅಂಶಗಳು ಆ ಬೆಳಕಿಗೆ ಹೊಳೆಯುತ್ತವೆ. ಆದರೆ ಕೊಳೆತ ಎಲೆ, ಮಣ್ಣಿನ ಸಾರ ಕರಗಿದ ಕಂದು ನೀರೂ ಹೊಳೆಯುತ್ತದೆ. ಜೂನ್‌ನಲ್ಲಿ ಪೆರಿಯಾರ್ ಆಗಲಿ, ನಮ್ಮ ನೇತ್ರಾವತಿ, ಶರಾವತಿ ಆಗಲಿ ಘಟ್ಟದಿಂದ ಹೊತ್ತು ತರುವುದು ಇಂಥದೇ ನೀರನ್ನು. ಮೊದಲ ದೊಡ್ಡ ಮಳೆಗೆ ಸೆನ್ಸರ್ 'ಎಣ್ಣೆ' ಎಂದು ಬೊಬ್ಬೆ ಹೊಡೆಯಬಹುದು. ಪಕ್ಕದ ಉಪ್ಪಿನ ಸೆನ್ಸರ್ ನೋಡಿದರೆ ಗುಟ್ಟು ಗೊತ್ತಾಗುತ್ತದೆ. ಉಪ್ಪು ಇಳಿದು ಹೊಳಪು ಏರಿದರೆ ಅದು ಬಹುಶಃ ಹೊಳೆ ನೀರು. ಉಪ್ಪು ಇದ್ದಂತೆಯೇ ಇದ್ದು ಹೊಳಪು ಮಾತ್ರ ಏರಿದರೆ ಬೋಟ್ ಕಳಿಸಿ ಮಾದರಿ ತರಬೇಕು. ಸೆನ್ಸರ್ ಕೊಡುವುದು ಅನುಮಾನ. ತೀರ್ಮಾನ ಕೊಡಬೇಕಾದ್ದು ಲ್ಯಾಬ್. ಮೀನು ತಿನ್ನಬಹುದಾ ಎಂಬ ಪ್ರಶ್ನೆಗೂ ಮೀನನ್ನೇ ಕೊಯ್ದು ಪರೀಕ್ಷಿಸಬೇಕು, ನೀರಿನ ಬೋಯ್ ಉತ್ತರ ಕೊಡುವುದಿಲ್ಲ.

ಬೇಕು ಎನ್ನುವವರು, ಬೇಡ ಎನ್ನುವವರು

ಇದೇ ಕಾರಣಕ್ಕೆ ಒಂದು ವಾದ ಹೀಗಿದೆ. ಕೋರ್ಟಿನಲ್ಲಿ ನಿಲ್ಲುವುದು ಮೊಹರು ಮಾಡಿದ ಬಾಟಲಿ ಮತ್ತು ಲ್ಯಾಬಿನ ವರದಿ. ಬಾರ್ನಕಲ್ ಹಿಡಿದ ಸೆನ್ಸರಿನ ಅಂಕಿಯನ್ನು ಎದುರು ವಕೀಲರು ಎರಡು ನಿಮಿಷದಲ್ಲಿ ಹರಿದು ಹಾಕುತ್ತಾರೆ. ಆ ದುಡ್ಡಿನಲ್ಲಿ ಕರಾವಳಿಯ ಜಿಲ್ಲೆಗೊಂದು ಒಳ್ಳೆಯ ಲ್ಯಾಬ್ ಮಾಡಿ. ಇದರಲ್ಲಿ ಹುರುಳಿದೆ. ಆದರೆ ಲ್ಯಾಬಿಗೆ ಬಾಟಲಿ ತರಲು ಯಾವ ದಿನ, ಯಾವ ಆಳಕ್ಕೆ ಹೋಗಬೇಕು ಎಂದು ಹೇಳುವವರು ಯಾರು? ಎರಡನ್ನೂ ಒಟ್ಟಿಗೆ ಮಾಡದಿದ್ದರೆ ಎರಡೂ ಅರ್ಧಂಬರ್ಧ ಎಂಬುದು ನನ್ನ ಅಭಿಪ್ರಾಯ.

ರಕ್ಷಣೆಯವರ ಚಿಂತೆ ಬೇರೆ. ನೀರೊಳಗೆ ಶಬ್ದ ಕೇಳುವ ಉಪಕರಣ ಸೀಗಡಿಯನ್ನೂ ಕೇಳುತ್ತದೆ, ಜಲಾಂತರ್ಗಾಮಿಯನ್ನೂ ಕೇಳುತ್ತದೆ. ಕಾರವಾರದಲ್ಲಿ ನೌಕಾಪಡೆಯ ಕದಂಬ ನೆಲೆ ಇದೆ. ಅಂಥ ಕಡೆ ತಳದ ಆಳ, ನೀರಿನ ಉಷ್ಣತೆಯ ಪದರಗಳ ಲೆಕ್ಕವನ್ನು ಎಲ್ಲರಿಗೂ ತೆರೆದಿಡಲು ಅವರು ಹಿಂಜರಿಯುವುದು ಸಹಜ. ಪರಿಣಾಮವಾಗಿ, ಆಮ್ಲಜನಕದಂಥ ನಿರುಪದ್ರವಿ ಅಂಕಿಯೂ ಕಡತದೊಳಗೆ ಉಳಿಯುವ ಅಪಾಯವಿದೆ. ಯಾವುದನ್ನು ಕೂಡಲೇ ಬಿಡಬಹುದು, ಯಾವುದನ್ನು ತಡವಾಗಿ, ಯಾವುದನ್ನು ಬಿಡಲೇಬಾರದು ಎಂದು ಮೊದಲೇ ವಿಂಗಡಿಸಿದರೆ ಈ ಜಗಳ ಅರ್ಧ ಮುಗಿಯುತ್ತದೆ.

ಮೀನುಗಾರರ ಅನುಮಾನ ಎಲ್ಲಕ್ಕಿಂತ ಹಳೆಯದು. ಬೋಯ್ ಇಟ್ಟರೆ ಅಲ್ಲಿ ಬಲೆ ಬಿಡುವಂತಿಲ್ಲ. ಆಮ್ಲಜನಕ ಕಮ್ಮಿ ಎಂದು ಸೆನ್ಸರ್ ಹೇಳಿದರೆ ನಾಳೆ ಮೀನುಗಾರಿಕೆಯನ್ನೇ ನಿಲ್ಲಿಸುತ್ತಾರೋ ಏನೋ. ಇನ್ನೊಂದು ಕಡೆ, ತೇಲುವ ಬೋಯ್ ನೆರಳಿಗೆ ಮೀನು ಸೇರುವುದು ಅವರಿಗೆ ಚೆನ್ನಾಗಿ ಗೊತ್ತು. ಬೋಟನ್ನು ಅದಕ್ಕೇ ಕಟ್ಟಿ ಮೀನು ಹಿಡಿಯುವುದು, ಬಲೆ ಸಿಕ್ಕಿ ಲಂಗರು ಹರಿಯುವುದು, ಸೋಲಾರ್ ಪ್ಯಾನೆಲ್ ಮಾಯವಾಗುವುದು ಪ್ರಪಂಚದ ಎಲ್ಲ ಕಡಲುಗಳಲ್ಲೂ ಇದೆ. ನಮ್ಮ ಎನ್‌ಐಒಟಿ ಕೂಡ ಇದೇ ಕಾರಣಕ್ಕೆ ಮೀನುಗಾರರ ಊರುಗಳಲ್ಲಿ ತಿಳಿವಳಿಕೆ ಸಭೆ ಮಾಡಬೇಕಾಗಿ ಬಂದಿದೆ.

ಡಿಸೆಂಬರ್‌ನಲ್ಲಿ ಆಗಿದ್ದರೆ?

ಕೇರಳದ ಹಡಗು, ಕರ್ನಾಟಕಕ್ಕೇನು ಎನ್ನುವವರು ಪ್ರವಾಹದ ದಿಕ್ಕನ್ನು ಮತ್ತೊಮ್ಮೆ ನೋಡಬೇಕು. ಮಳೆಗಾಲದಲ್ಲಿ ದಕ್ಷಿಣಕ್ಕೆ ಹರಿಯುವ ಅದೇ ಪ್ರವಾಹ ನವೆಂಬರ್‌ನಿಂದ ಜನವರಿವರೆಗೆ ಉತ್ತರಕ್ಕೆ ತಿರುಗುತ್ತದೆ. ಕಣ್ಣೂರಿನಾಚೆ ಹೊತ್ತಿ ಉರಿದ ವಾನ್ ಹೈ ಹಡಗಿಗೆ ಜೂನ್ ಬದಲು ಡಿಸೆಂಬರ್‌ನಲ್ಲಿ ಬೆಂಕಿ ಬಿದ್ದಿದ್ದರೆ ಅದರ ಕಸ ಬರುತ್ತಿದ್ದದ್ದು ಮಂಗಳೂರು, ಮಲ್ಪೆ ಕಡೆಗೆ. ನಮ್ಮಲ್ಲಿಯೂ ಹಡಗು ಮುಳುಗದೆ ಇಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಮುಳುಗಿದಾಗ ಒಳಗಿದ್ದ ಎಣ್ಣೆಯ ಭಯದಲ್ಲಿ ಜಿಲ್ಲಾಡಳಿತ ಕಾವಲು ಕಾಯಬೇಕಾಯಿತು. ಹೊಸ ಮಂಗಳೂರು ಬಂದರಿಗೆ ಕಚ್ಚಾ ತೈಲದ ಹಡಗುಗಳು ಬರುತ್ತಲೇ ಇರುತ್ತವೆ.

ನಮ್ಮ ಕರ್ನಾಟಕದ ಕರಾವಳಿಯಲ್ಲಿ ಕಾರವಾರದ ಬಳಿ ಅಲೆಯ ಎತ್ತರ ಅಳೆಯುವ ಬೋಯ್ ಇದೆ. ಅದು ಅಲೆಯ ಲೆಕ್ಕ ಕೊಡುತ್ತದೆ, ನೀರಿನ ಗುಣದ್ದಲ್ಲ. ದಡದಲ್ಲಿ ನಿಂತು ಪ್ರವಾಹ ಅಳೆಯುವ ರಾಡಾರುಗಳ ಮೊದಲ ಜಾಲವೂ ಗುಜರಾತ್, ತಮಿಳುನಾಡು, ಆಂಧ್ರ, ಒಡಿಶಾ, ಅಂಡಮಾನ್‌ಗಳಲ್ಲಿ ಬಂತು. ಕೇರಳ, ಕರ್ನಾಟಕ ಅದರಲ್ಲಿರಲಿಲ್ಲ.

ಅಂಕಿ ಇದ್ದರೆ ಏನಾಗುತ್ತದೆ

ಪರಿಹಾರ ಕೇಳುವಾಗ ಬಲ ಬರುತ್ತದೆ ಎಂಬುದು ಒಂದು. ಕೊಲಂಬೊ ಬಳಿ 2021ರಲ್ಲಿ ಸುಟ್ಟು ಮುಳುಗಿದ ಎಕ್ಸ್‌ಪ್ರೆಸ್ ಪರ್ಲ್ ಹಡಗಿನ ಪ್ರಕರಣದಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ 100 ಕೋಟಿ ಡಾಲರ್ ಪರಿಹಾರಕ್ಕೆ ಆದೇಶಿಸಿದ್ದು 2025ರ ಜುಲೈಯಲ್ಲಿ, ನಾಲ್ಕು ವರ್ಷದ ಮೇಲೆ. ಇಂಥ ಮೊತ್ತಗಳ ಜಗಳದಲ್ಲಿ ಹಳೆಯ ಅಂಕಿ ಇದ್ದವರ ಕೈ ಮೇಲು. ಇನ್ನೊಂದು, ಮೀನುಗಾರಿಕೆ ನಿಷೇಧ ಚಿಕ್ಕದಾಗುತ್ತದೆ. ನೀರು ಎಲ್ಲಿ ಸರಿಯಿದೆ ಎಂದು ಗೊತ್ತಿಲ್ಲದಿದ್ದಾಗ ಅಧಿಕಾರಿ ದೊಡ್ಡ ಸುತ್ತು ಎಳೆದು ಎಲ್ಲ ನಿಲ್ಲಿಸುತ್ತಾನೆ. ಗೊತ್ತಿದ್ದರೆ ಆ ಸುತ್ತನ್ನು ದಿನದಿನಕ್ಕೆ ಕಿರಿದು ಮಾಡಬಹುದು.

ದುರಂತವೇ ಇಲ್ಲದಾಗಲೂ ಇದರಿಂದ ಹೊಟ್ಟೆ ತುಂಬಿದ ಉದಾಹರಣೆ ಅಮೆರಿಕದ ಒರೆಗಾನ್‌ನಲ್ಲಿದೆ. ನೆಟಾರ್ಟ್ಸ್ ಕೊಲ್ಲಿಯ ಒಂದು ಸಿಂಪಿ ಮರಿ ಕೇಂದ್ರದಲ್ಲಿ 2007-08ರ ಸುಮಾರಿಗೆ ಸಿಂಪಿ ಮರಿಗಳು ಟ್ಯಾಂಕಿನಲ್ಲೇ ಸಾಯತೊಡಗಿದವು. ಮೊದಲು ರೋಗ ಎಂದುಕೊಂಡರು. ಸೆನ್ಸರ್ ಇಟ್ಟು ನೋಡಿದಾಗ ಕಾರಣ ಗೊತ್ತಾಯಿತು. ಆಳದಿಂದ ಮೇಲೇರಿ ಬರುವ ತಣ್ಣನೆಯ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇತ್ತು. ಅದರಲ್ಲಿ ಮರಿಗಳಿಗೆ ಚಿಪ್ಪು ಕಟ್ಟಲು ಆಗುತ್ತಿರಲಿಲ್ಲ. ಈಗ ಕೇಂದ್ರದವರು ಅಂಕಿ ನೋಡಿ, ನೀರು ಸರಿಯಿರುವ ಹೊತ್ತಿಗೆ ಪಂಪ್ ಮಾಡುತ್ತಾರೆ, ಬೇಕಿದ್ದರೆ ನೀರಿನ ಆಮ್ಲತೆ ತಗ್ಗಿಸಲು ವಾಷಿಂಗ್ ಸೋಡಾ ಬೆರೆಸುತ್ತಾರೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಮೇಲೇರುವುದು ಇದೇ ಬಗೆಯ ನೀರು. ಅಳಿವೆಗಳಲ್ಲಿ ಚಿಪ್ಪು, ಪಂಜರದ ಮೀನು ಸಾಕುವವರಿಗೆ ಇಂಥ ಅಂಕಿ ನೇರ ಉಪಯೋಗಕ್ಕೆ ಬರುತ್ತದೆ.

ಕಡಿಮೆ ಖರ್ಚಿನ ದಾರಿಯೂ ಇದೆ. ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ 2001ರಿಂದ ಲಾಬ್‌ಸ್ಟರ್ ಹಿಡಿಯುವವರು ತಮ್ಮ ಬೋನುಗಳಿಗೇ ಉಷ್ಣತೆಯ ಸೆನ್ಸರ್ ಕಟ್ಟುತ್ತಿದ್ದಾರೆ. ನ್ಯೂಜಿಲೆಂಡ್‌ನಲ್ಲೂ ಬಲೆಗಳಿಗೆ ಸೆನ್ಸರ್ ಕಟ್ಟುವ ಯೋಜನೆ ನಡೆದಿದೆ. ಬಲೆ ನೀರಿಗಿಳಿದು ಮೇಲೆ ಬಂದ ಕೂಡಲೇ ಬೋಟಿನಲ್ಲಿರುವ ಪೆಟ್ಟಿಗೆ ಲೆಕ್ಕವನ್ನು ಎಳೆದುಕೊಂಡು ದಡಕ್ಕೆ ಕಳಿಸುತ್ತದೆ. ಮೋಡೆಮ್ ಬೇಡ, ಮುಳುಗುಗಾರರು ಬೇಡ, ಬಾರ್ನಕಲ್ಲಿನ ಕಾಟವೂ ಇಲ್ಲ. ಅಂಕಿ ಮೊದಲು ಕಾಣುವುದು ಮೀನುಗಾರನಿಗೇ, ಹಾಗಾಗಿ ಅನುಮಾನವೂ ಕಮ್ಮಿ. ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಟ್ರಾಲ್ ಬೋಟುಗಳಲ್ಲಿ ಕೆಲವಕ್ಕೆ ಇಂಥದನ್ನು ಕಟ್ಟಿದರೂ ಆಗಸ್ಟ್‌ನಿಂದ ಮೇವರೆಗಿನ ತಳದ ನೀರಿನ ಲೆಕ್ಕ ಸಿಗುತ್ತದೆ. ಅದರಲ್ಲಿ ಆಮ್ಲಜನಕ ಮುಗಿಯುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೂ ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗ ಇಳಿಯುವುದು ನಾಡದೋಣಿ ಮಾತ್ರ, ಅದೂ ದಡದ ಹತ್ತಿರ. ಆಳದ ಜಾಗಗಳಿಗೆ ಆ ಎರಡು ತಿಂಗಳು ತಳದಲ್ಲೇ ಕೂರುವ ಸೆನ್ಸರ್ ಬೇಕೇ ಬೇಕು. ಉಳಿದ ಹತ್ತು ತಿಂಗಳಿಗೆ ಬಲೆಯ ಸೆನ್ಸರ್ ಸಾಕಾಗಬಹುದು. ಆದರೆ ಬಲೆಯ ಜೊತೆ ಸೆನ್ಸರ್ ಹರಿದುಹೋದರೆ ಅದರ ದುಡ್ಡು ಬೋಟಿನ ಮಾಲೀಕನದೋ, ಸರ್ಕಾರದ್ದೋ ಎಂಬುದನ್ನು ಕಟ್ಟುವ ಮೊದಲೇ ಕಾಗದದಲ್ಲಿ ಬರೆದುಕೊಳ್ಳಬೇಕು.